ಏಣಿ ಹತ್ತಿದ ಕೂಗು

ನಮ್ಮ ಊರಿನಲ್ಲಿ ಮಾತು ಒಂದು ಮೊಳದಾಚೆ ಹೋಗುವುದಿಲ್ಲ. ಬಾಯಿಯ ಹತ್ತಿರ ಕಿವಿ ಇದ್ದರೆ ಕೇಳಿತು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಇಲ್ಲಿ ಯಾರಿಗೆ ಏನು ಹೇಳಬೇಕೆಂದರೂ ಮೊದಲು ಅವರ ತೋಳಿನ ಮೇಲೆ ಕೈ ಇಡಬೇಕು, ಅವರು ತಲೆ ಬಾಗಿಸಬೇಕು, ಆಮೇಲೆ ಮಾತು. ನಡೆಯಲು ಕಲಿಯುವ ಮುಂಚೆಯೇ ನಮ್ಮ ಮಕ್ಕಳು ಇದನ್ನು ಕಲಿಯುತ್ತವೆ. ಸಂತೆಯಲ್ಲಿ ಬದನೆಕಾಯಿ ಮಾರುವವಳು ಕೂಗುವುದಿಲ್ಲ, ಹೋಗುವವರ ಸೆರಗು ಹಿಡಿದು ಎಳೆಯುತ್ತಾಳೆ. ಜಗಳವಾಡುವವರೂ ಒಬ್ಬರ ತೋಳು ಒಬ್ಬರು ಹಿಡಿದುಕೊಂಡೇ ಬೈಯಬೇಕು. ಅಷ್ಟು ಹತ್ತಿರ ನಿಂತು ಎಷ್ಟು ಹೊತ್ತು ಬೈಯಲಾದೀತು? ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಬೇರೆ ಊರಿನವರಿಗೆ ಬೇಕು, ನಮ್ಮಲ್ಲಿ ಜಗಳ ತಾನಾಗಿಯೇ ದಣಿದು ಮನೆಗೆ ಹೋಗುತ್ತದೆ.

ಆದರೆ ಕಿವಿಗೆ ಬಾಯಿ ಇಟ್ಟುಕೊಂಡು ಹೊಳೆಯ ಬದುಕು ನಡೆಯುವುದಿಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿ ಉಸುಕಾದಾಗ ಅರ್ಧ ಊರು ಆ ಉಸುಕಿನಲ್ಲಿ ಕಲ್ಲಂಗಡಿ, ಸೌತೆ ಹಾಕುತ್ತದೆ. ಹೊಳೆಯ ಅಗಲ ಊರಿನ ಅಗಲಕ್ಕಿಂತ ಹೆಚ್ಚು. ಮೇಲೆ ದೂರದಲ್ಲಿ ಒಂದು ಅಣೆಕಟ್ಟು ಇದೆ; ಅದರ ಬಾಗಿಲು ತೆಗೆದರೆಂದರೆ ಉಸುಕಿನಲ್ಲಿರುವವರನ್ನು ಕೂಗಿ ಕರೆಯಬೇಕು. ಅದಕ್ಕೆಂದೇ ಹಿರಿಯರು ದಂಡೆಯಿಂದ ಹೊಳೆಯ ನಡುವಿನವರೆಗೆ ಕಂಬ ನೆಟ್ಟು ತಂತಿ ಎಳೆದಿದ್ದಾರೆ; ಅದರ ಕವಲುಗಳು ಊರೊಳಗೂ ಹೋಗಿವೆ. ಆ ತಂತಿಗೆ ಜೋರು ಕರೆಂಟು ಏರಿಸಿದರೆ ಅದು ಹಾವಿನ ಹಾಗೆ ಬುಸುಗುಡುತ್ತದೆ. ಬುಸುಗುಡುವಷ್ಟು ಹೊತ್ತು ಅದರ ಸುತ್ತಮುತ್ತ ಮಾತು ಬೇರೆ ಊರುಗಳಲ್ಲಿ ಹೋದ ಹಾಗೆ ದೂರ ಹೋಗುತ್ತದೆ. ಯಾಕೆ ಎಂದು ನಾವು ಕೇಳುವುದಿಲ್ಲ. ಮಳೆ ಯಾಕೆ ಬರುತ್ತದೆ ಎಂದು ತಿಳಿದುಕೊಂಡು ಛತ್ರಿ ಬಿಚ್ಚಿದವರನ್ನು ನಾನಂತೂ ಕಂಡಿಲ್ಲ.

ತಂತಿಯ ಬುಡ ದಂಡೆಯ ಮೇಲಿನ ಏಣಿಮನೆಯಲ್ಲಿದೆ. ಏಣಿ ಎಂದರೆ ಕಾಲಿಟ್ಟು ಹತ್ತುವ ಏಣಿಯಲ್ಲ. ಎಣ್ಣೆ ತುಂಬಿದ ಗಾಜಿನ ಭರಣಿಗಳನ್ನು ಒಂದರ ಮೇಲೊಂದು ಹಲಗೆಯ ಮೇಲೆ ಜೋಡಿಸಿ, ಒಳಗೆ ಕರೆಂಟು ತುಂಬಿಡುವ ಕಂಡೆನ್ಸರು, ಅದನ್ನು ಹಿಂದೆ ಹರಿಯಗೊಡದ ಡಯೋಡು ಕೂರಿಸಿರುವ ಸಾಲು ಅದು. ಕೆಳಗಿನ ಮೆಟ್ಟಿಲಿಗೆ ಕೊಟ್ಟ ಕರೆಂಟು ಒಂದೊಂದು ಮೆಟ್ಟಿಲು ಏರಿದಂತೆ ಬಲವಾಗುತ್ತ ತುದಿಗೆ ಹೋಗುವಷ್ಟರಲ್ಲಿ ತಂತಿಯನ್ನು ಬುಸುಗುಡಿಸುವಷ್ಟಾಗುತ್ತದೆ. ಅದನ್ನು ನೋಡಿಕೊಳ್ಳುವವನು ದಾವಲಸಾಬ. ಮುಂಚೆ ರೇಡಿಯೋ ರಿಪೇರಿ ಮಾಡುತ್ತಿದ್ದ. ರೇಡಿಯೋ ಯಾರಿಗೂ ಕೇಳದ ಊರಿನಲ್ಲಿ ಆ ಅಂಗಡಿ ಹಾಕಿದ್ದೇ ಅವನ ಬುದ್ಧಿಗೆ ಸಾಕ್ಷಿ. ಸಿಡುಕ, ಆದರೆ ಕೈ ಚೊಕ್ಕ. ಕೂಗುವವಳು ನಾನು, ಸಾತವ್ವ. ನನ್ನ ತವರು ಬೇರೆ ಕಡೆ. ಅಲ್ಲಿ ಹೊಲದಿಂದ ಹೊಲಕ್ಕೆ ಕೂಗಿ ಬೆಳೆದವಳು. ಈ ಊರಿನವರಿಗೆ ಬಾಯಿ ಇದೆ, ಗಂಟಲು ಇಲ್ಲ. ಜೋರಾಗಿ ಕೂಗು ಎಂದರೆ ಕೆಮ್ಮುತ್ತಾರೆ. ಹಾಗಾಗಿ ಸೊಸೆಯಾಗಿ ಬಂದ ವರ್ಷವೇ ನನ್ನನ್ನು ಆ ಕೆಲಸಕ್ಕೆ ಹಾಕಿದರು. ನಾನು ಗಾಜಿನ ಕಾಲಿನ ಮಣೆಯ ಮೇಲೆ ನಿಂತು, ತಂತಿಯ ತುದಿಯ ಹಿತ್ತಾಳೆ ಕಡಗ ಹಿಡಿದು ಕೂಗಬೇಕು. ಕಡಗ ಹಿಡಿದಾಗ ಏಣಿಯ ಕರೆಂಟು ನನ್ನ ಮೈಗೂ ತುಂಬಿಕೊಳ್ಳುತ್ತದೆ, ತಲೆಗೂದಲು ನಿಮಿರುತ್ತದೆ. ಮಣೆ ಬಿಟ್ಟು ನೆಲ ಮುಟ್ಟದಿದ್ದರೆ ಏನೂ ಆಗುವುದಿಲ್ಲ. ನೆಲದ ಮೇಲಿದ್ದವರು ನನ್ನನ್ನು ಮುಟ್ಟಿದರೆ ಇಬ್ಬರ ಕತೆಯೂ ಮುಗಿಯಿತು. ಕರೆಂಟು ತಡೆಯಲು ನಡುವೆ ಇದ್ದಿಲಿನ ಕಡ್ಡಿ ಹಾಕಿದ್ದೇನೆ, ಎಸೆಯುತ್ತದೆ, ಕೊಲ್ಲುವುದಿಲ್ಲ ಎನ್ನುತ್ತಿದ್ದ ದಾವಲಸಾಬ. ಪರೀಕ್ಷೆ ಮಾಡಿ ನೋಡಿದವರು ಯಾರೂ ಇರಲಿಲ್ಲ.

ಒಂದು ಬೇಸಿಗೆಯ ದಿನ ದಾವಲಸಾಬ ಡೀಸೆಲ್ ಎಂಜಿನ್ನಿಗೆ ಕೂಡಿಸಿದ್ದ, ಏಣಿಗೆ ಕರೆಂಟು ಕೊಡುವ ಆಲ್ಟರ್ನೇಟರನ್ನು ಬಿಚ್ಚಿ ನೆಲದ ಮೇಲೆ ಹರವಿಕೊಂಡು ಕೂತಿದ್ದ. ಅದರ ಸುತ್ತು ಸುಟ್ಟಿತ್ತು. ಹೊಸ ತಂತಿ ಸುತ್ತಬೇಕಿತ್ತು. ಅಣೆಕಟ್ಟಿನವರು ಮುಂದಿನ ವಾರದವರೆಗೆ ನೀರು ಬಿಡುವುದಿಲ್ಲವೆಂದು ಹೇಳಿ ಕಳಿಸಿದ್ದರು. ಹಾಗಾಗಿ ಊರಿಗೆಲ್ಲ ತಿಳಿಸಿದ್ದೆವು: ಕೂಗು ಇಲ್ಲ, ಏನಿದ್ದರೂ ಕನ್ನಡಿ ಮಿಂಚಿಸುತ್ತೇವೆ, ಕಣ್ಣು ದಂಡೆಯ ಕಡೆ ಇರಲಿ. ಬೆಳಿಗ್ಗೆ ಗಾಳಿ ಎದ್ದಿತು. ಮಧ್ಯಾಹ್ನದ ಹೊತ್ತಿಗೆ ಉಸುಕಿನ ಧೂಳು ಹೊಳೆಯನ್ನು ಮುಚ್ಚಿ ಸೂರ್ಯನೇ ಕಾಣದಾದ. ನಾನು ನನ್ನ ಗಂಡನ ತೋಳು ಹಿಡಿದು ಇವತ್ತು ಹೋಗಬೇಡಿ ಎಂದಿದ್ದೆ. ಕಾಯಿ ಹಣ್ಣಾಗಿವೆ, ನರಿ ತಿನ್ನುತ್ತವೆ ಎಂದು ಕತ್ತೆ ಹೊಡೆದುಕೊಂಡು ಹೋಗಿದ್ದರು. ಅವರು ಯಾವತ್ತು ನನ್ನ ಮಾತು ಕೇಳಿದ್ದರೆಂದು ಅವತ್ತು ಕೇಳಬೇಕು?

ಆಗ ಮೋಟರ್ ಸೈಕಲ್ಲಿನಲ್ಲಿ ಅಣೆಕಟ್ಟಿನ ಕಡೆಯಿಂದ ಒಬ್ಬ ಬಂದ. ಇಳಿದವನೇ ಬಾಯಿ ಬಾಯಿ ಬಿಟ್ಟ. ಹೊರಗಿನವ ಪಾಪ, ತೋಳು ಹಿಡಿಯಬೇಕೆಂದು ಗೊತ್ತಿಲ್ಲ. ನಾನೇ ಅವನ ಕೈ ಎಳೆದು ನನ್ನ ತೋಳಿನ ಮೇಲೆ ಇಟ್ಟುಕೊಂಡೆ.

“ನೀರು ಹೊಂಟದರಿ!” ಎಂದು ಕಿವಿಯಲ್ಲಿ ಕಿರುಚಿದ. “ಮ್ಯಾಲ ಏನೋ ಗೇಟ್ ಕೆಟ್ಟು ತಾನ ತೆರಕೊಂಡದಂತ. ಹೊತ್ತು ಮುಳುಗೂದರಾಗ ಇಲ್ಲಿ ಬರ್ತದ!”

ಅರ್ಧ ಊರು ಉಸುಕಿನಲ್ಲಿತ್ತು; ನನ್ನ ಗಂಡ ಎಲ್ಲರಿಗಿಂತ ಆಚೆ, ತಂತಿಯ ಕೊನೆಯ ಕಂಬದ ಹತ್ತಿರದ ಪಾತಿಯಲ್ಲಿದ್ದರು. ನಾದಿನಿ ನೀಲವ್ವನೂ ಅವರ ಜೊತೆಗೇ ಇದ್ದಳು. ಶೇಖರಗೌಡರು ಬಂದರು, ಊರಿನ ಹಿರಿಯರು, ಎಲ್ಲದಕ್ಕೂ ಮೊದಲು ಮೀಸೆ ಮುಟ್ಟಿಕೊಳ್ಳುವವರು. ಅವತ್ತು ಮುಟ್ಟಿಕೊಳ್ಳಲಿಲ್ಲ. ನಾಲ್ಕು ಜನ ಗಟ್ಟಿಗರನ್ನು ಉಸುಕಿನೊಳಗೆ ಓಡಿಸಿದರು. ಅವರು ಧೂಳಿನಲ್ಲಿ ದಿಕ್ಕು ತಪ್ಪಿ ಸುತ್ತು ಹೊಡೆದು ಅದೇ ದಂಡೆಗೆ ಬೇರೆ ಕಡೆಯಿಂದ ಹತ್ತಿ ಬಂದರು, ಆಚೆ ದಂಡೆ ಮುಟ್ಟಿದೆವೆಂದು ತಿಳಿದು.

ಗೌಡರು ದಾವಲಸಾಬನ ತೋಳು ಹಿಡಿದರು, ನಾನೂ ಹಿಡಿದೆ. ಮೂವರ ತಲೆ ಒಂದಾಯಿತು.

“ಟ್ರ್ಯಾಕ್ಟರ್ ಬ್ಯಾಟರಿ ಎಷ್ಟ ಬೇಕು ಅಷ್ಟ ತರಸ್ತೀನಿ. ಎಲ್ಲಾ ಕೂಡಿಸಿ ಏಣಿಗೆ ಹಚ್ಚು,” ಎಂದರು ಗೌಡರು.

“ಬ್ಯಾಟರಿ ಕರೆಂಟು ನೆಟ್ಟಗ ಹೋಗ್ತದ್ರಿ ಗೌಡ್ರ. ನೆಟ್ಟಗ ಹೋಗೂದು ಏಣಿ ಹತ್ತೂದಿಲ್ಲ. ಕರೆಂಟು ಹಿಂದ ಮುಂದ ತೂಗಬೇಕು. ಹಿಂದ ಬಂದಾಗ ಕೆಳಗಿನ ಮೆಟ್ಟಲ ತುಂಬಬೇಕು, ಮುಂದ ಹೋದಾಗ ಅದನ್ನ ಮ್ಯಾಲಿನ ಮೆಟ್ಟಲಕ್ಕ ದಾಟಸಬೇಕು. ಅದೂ ಮೊದಲ ಜೋರಿರಬೇಕು, ಸಾವಿರಗಟ್ಟಲೆ. ಅದನ್ನ ಮಾಡೂದ ಈ ಹೆಣ,” ಎಂದು ಬಿಚ್ಚಿ ಬಿದ್ದ ಆಲ್ಟರ್ನೇಟರನ್ನು ಕಾಲಿನಿಂದ ತೋರಿಸಿದ. “ಇದನ್ನ ಕೂಡಸಾಕ ನಾಳಿ ಸಂಜೀ ಆಗ್ತದ.”

“ನಾಳಿ ಸಂಜೀಕ ಯಾರನ್ನ ಕೂಗಾಕಿ?” ಎಂದೆ ನಾನು. ಮಾತು ಅಳುವಿನ ಹಾಗೆ ಬಂತು.

ದಾವಲಸಾಬ ನಮ್ಮ ಕೈ ಬಿಡಿಸಿಕೊಂಡ. ಗೌಡರು ಬಾಗಿಲಾಚೆ ನಿಲ್ಲಿಸಿದ್ದ ಹಳೆಯ ಪೆಟ್ರೋಲ್ ಜೀಪನ್ನೇ ನೋಡುತ್ತಿದ್ದ. ಎದ್ದು ಹೋಗಿ ಅದರ ಬಾನೆಟ್ ಎತ್ತಿದ. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲನ್ನು ಬಿಚ್ಚಿದ. ಆಮೇಲೆ ಹಾರ್ನ್ ಬಿಚ್ಚತೊಡಗಿದ. ಗೌಡರು ಹೌಹಾರಿ ನನ್ನ ತೋಳು ಹಿಡಿದು, ಇವನಿಗೆ ತಲೆ ಕೆಟ್ಟಿತೇನು ಎಂದು ಕೇಳಿದರು. ನನಗೂ ಹಾಗೇ ಅನಿಸಿತ್ತು. ನಮ್ಮೂರಲ್ಲಿ ಹಾರ್ನ್ ಎಂದರೆ ಬೋಳು ತಲೆಗೆ ಬಾಚಣಿಗೆ. ಒಂದು ದಿನವೂ ಒತ್ತಿದವರಿಲ್ಲವಾದ್ದರಿಂದ ಅದು ಹೊಚ್ಚ ಹೊಸದಾಗಿಯೇ ಇತ್ತು.

ಒಳಗೆ ತಂದು ಅದರ ಮುಖ ಕಿತ್ತ. ಒಳಗಿನ ಪುಟ್ಟ ನಾಲಿಗೆಯನ್ನು ತೋರಿಸಿ ನನ್ನ ಕಿವಿಯಲ್ಲಿ ಹೇಳಿದ: “ಇದು ಕರೆಂಟು ಹಿಡೀತದ, ಬಿಡ್ತದ, ಹಿಡೀತದ, ಬಿಡ್ತದ. ಭಾಳ ಲಗೂ ಲಗೂ. ಅದಕ್ಕ ಹಾರ್ನ್ ಒದರ್ತದ. ನಮಗ ಒದರೂದು ಬ್ಯಾಡ, ಹಿಡಿದು ಬಿಡೂದು ಬೇಕು. ಕಾಯಿಲಿನ ಕರೆಂಟನ್ನ ಇದರಾಗ ಹಾಯಿಸಿದ್ರ, ಬಿಟ್ಟಾಗೊಮ್ಮೆ ಕಾಯಿಲು ಒದೀತದ. ಆ ಒದಿಯೂದನ್ನ ಏಣಿಗೆ ಕೊಡೂನು.”

“ಸಾಕಾಗ್ತದೇನು?” ಎಂದು ಗೌಡರೂ ತಲೆ ತೂರಿಸಿ ಕೇಳಿದರು.

“ಸಾಕಾಗೂದಿಲ್ಲ. ಏಣಿ ಎತ್ತರ ಇದ್ದಷ್ಟು ಬಳುಕ್ತದ, ಭಾರ ಹಾಕಿದ್ರ ಕುಸೀತದ. ಊರೊಳಗಿನ ತಂತಿ ಎಲ್ಲಾ ಕಡದು ಹಾಕಸ್ರಿ. ಇದ್ದಷ್ಟೂ ಹೊಳಿಗೇ ಹೋಗಲಿ.”

ಯುದ್ಧಕಾಲದ ಶಸ್ತ್ರಾಭ್ಯಾಸ ಎಂದರೆ ಇದೇ. ಆದರೂ ಗೌಡರು ತಾವೇ ಹೋಗಿ ಊರಿನ ತಂತಿಗಳನ್ನು ಬಿಡಿಸಿದರು. ದಾವಲಸಾಬ ಜೀಪಿನ ಬ್ಯಾಟರಿ, ಹಾರ್ನ್, ಕಾಯಿಲು ಒಂದಕ್ಕೊಂದು ಕೂಡಿಸಿ ಏಣಿಯ ಬುಡಕ್ಕೆ ಹಚ್ಚಿದ. ಹಾರ್ನಿನ ನಾಲಿಗೆ ನಡುಗಿತು, ನಿಂತಿತು. ಒಂದು ಕಟ್ಟಿಗೆಯ ಚೂರಿನಿಂದ ಅದರ ತಿರುಪನ್ನು ಅದುಮಿ ಹಿಡಿದ. ಮತ್ತೆ ನಡುಗಿತು. ಅವನು ಅದುಮಿದರೆ ಮಾತ್ರ ನಡೆಯುತ್ತಿತ್ತು, ಕೈ ಸಡಿಲಿಸಿದರೆ ಅಂಟಿಕೊಳ್ಳುತ್ತಿತ್ತು. ನಾನು ಮಣೆ ಹತ್ತಿ ಕಡಗ ಹಿಡಿದು ಕಾದೆ. ಎಷ್ಟು ಹೊತ್ತಾದರೂ ಏನೂ ಆಗಲಿಲ್ಲ. ದಿನಾ ಎಂಜಿನ್ ಹಚ್ಚಿದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ತುಂಬುವ ಏಣಿ ಅವತ್ತು ತೊಟ್ಟು ತೊಟ್ಟು ತುಂಬುತ್ತಿತ್ತು. ನನ್ನ ಮುಂಗೈಯ ಕೂದಲು ಒಂದೊಂದೇ ಎದ್ದವು. ಕಿವಿಯ ಹಿಂದೆ ಜುಮ್ಮೆಂದಿತು. ಆಮೇಲೆ ಹೊರಗೆ ತಂತಿ ಸಣ್ಣಗೆ ಬುಸುಗುಟ್ಟಿತು.

ಅದರ ಜೊತೆ ಇನ್ನೊಂದು ಸದ್ದು ಬಂತು. ದೂರದಲ್ಲಿ ಜೋಳ ಸುರುವಿದ ಹಾಗೆ ಒಂದೇ ಸಮನೆ ಸುರಿಯುವ ಸದ್ದು. ತಂತಿ ನಮ್ಮ ಮಾತನ್ನು ಮಾತ್ರ ಒಯ್ಯುವುದಿಲ್ಲವಲ್ಲ, ನೀರಿನ ಮಾತನ್ನೂ ತರುತ್ತದೆ.

ನಾನು ಕೂಗಿದೆ. “ನೀರ್ ಬಂತೂ! ಎಲ್ಲಾ ಬಿಟ್ಟು ಬರ್ರೀ! ಕಂಬಾ ಹಿಡಕೊಂಡು ದಂಡಿಗಿ ಬರ್ರೀ!” ಒಂದೊಂದು ಪಾತಿಯವರ ಹೆಸರು ಹಿಡಿದು ಕೂಗಿದೆ. ಗಂಡನ ಹೆಸರು ಹೇಳಲು ಬಾಯಿ ಬರಲಿಲ್ಲ, ನೀಲವ್ವನ ಹೆಸರು ಕೂಗಿದೆ. ಅವಳು ಬಂದರೆ ಅವರೂ ಬರುತ್ತಾರೆ. ಸ್ವಲ್ಪ ಹೊತ್ತಿಗೆ ಧೂಳಿನಿಂದ ಜನ ಬರತೊಡಗಿದರು. ಬುಟ್ಟಿ ಹೊತ್ತವರು, ಮಕ್ಕಳನ್ನು ಹೊತ್ತವರು, ಒಬ್ಬಳು ಕಲ್ಲಂಗಡಿ ಹೊತ್ತು ಮಗುವನ್ನು ಗಂಡನಿಗೆ ಕೊಟ್ಟಿದ್ದಳು. ಗೌಡರು ದಂಡೆಯ ಮೇಲೆ ನಿಂತು ಪಾತಿಯ ಪ್ರಕಾರ ತಲೆ ಎಣಿಸುತ್ತಿದ್ದರು. ನಾನು ಮಣೆಯಿಂದಲೇ ಪ್ರತಿ ತಲೆಯಲ್ಲೂ ಗಂಡನ ಕೆಂಪು ರುಮಾಲು ಹುಡುಕುತ್ತಿದ್ದೆ, ಬಾಯಿ ತನ್ನಷ್ಟಕ್ಕೆ ಕೂಗುತ್ತಿತ್ತು.

ನೀಲವ್ವ ಬಂದಳು. ಒಬ್ಬಳೇ. ಮೈಯೆಲ್ಲ ಬೆವರು, ಕಾಲಿಗೆ ಹಸಿ ಉಸುಕು. ಬೇರೆ ದಿನ ಬಾಗಿಲಿಗೆ ಸರಪಳಿ ಕಟ್ಟಿರುತ್ತೇವೆ, ಅವತ್ತು ಯಾರಿಗೆ ನೆನಪಿತ್ತು? ತಂತಿ ಬುಸುಗುಡುತ್ತಿತ್ತು, ಅವಳು ಬಾಗಿಲಲ್ಲೇ ನಿಂತು ಹೇಳಿದ್ದರೂ ನನಗೆ ಕೇಳುತ್ತಿತ್ತು. ಆದರೆ ಹುಟ್ಟಿದಾಗಿನಿಂದ ಈ ಊರಿನಲ್ಲಿದ್ದವಳು. ಹೇಳಬೇಕಾದ್ದು ದೊಡ್ಡದಿದ್ದಷ್ಟೂ ತೋಳು ಗಟ್ಟಿಯಾಗಿ ಹಿಡಿಯಬೇಕು. ದಾವಲಸಾಬ “ಏ!” ಎನ್ನುವಷ್ಟರಲ್ಲಿ ಓಡಿಬಂದು ನನ್ನ ತೋಳಿಗೆ ಕೈ ಹಾಕಿದಳು.

ಕಣ್ಣಿನಲ್ಲಿ ನೀಲಿ ಬೆಳಕು ಹೊಡೆದದ್ದು ಗೊತ್ತು. ಎಚ್ಚರವಾದಾಗ ಗೋಡೆಯ ಬುಡದಲ್ಲಿ ಬಿದ್ದಿದ್ದೆ, ಬಾಯಿ ತುಂಬ ರಕ್ತ. ನಾಲಿಗೆ ಕಚ್ಚಿಕೊಂಡಿದ್ದೆ. ಕೊಲ್ಲುವುದಿಲ್ಲ ಎಂದ ದಾವಲಸಾಬನ ಮಾತು ನಿಜವಾಗಿತ್ತು. ನೀಲವ್ವ ಕೈಯನ್ನು ಎದೆಗೆ ಅವುಚಿಕೊಂಡು ಅಳುತ್ತ ನನ್ನ ಹತ್ತಿರ ತೆವಳಿ ಬಂದಳು. ತಂತಿ ಸತ್ತಿತ್ತು, ಏಣಿಯಲ್ಲಿ ಇದ್ದದ್ದೆಲ್ಲ ನಮ್ಮಿಬ್ಬರ ಮೈಯಲ್ಲಿ ಹಾಯ್ದು ನೆಲಕ್ಕೆ ಹೋಗಿತ್ತು. ನೀರಿನ ಸದ್ದೂ ನಿಂತುಹೋಗಿತ್ತು.

“ವೈನೀ, ಅಣ್ಣ ಅಲ್ಲೇ ಅದಾನ,” ಎಂದಳು ಕಿವಿಯಲ್ಲಿ. “ನೀ ಮುಂದ ನಡಿ, ಕತ್ತಿ ಬಿಚಗೊಂಡು ಬರ್ತೀನಂದ. ಹೊಳ್ಳಿ ನೋಡಿದ್ರ ಕಾಣವಲ್ಲ. ಕಂಬಾನೂ ಕಾಣವಲ್ಲವು ಅಲ್ಲಿ.”

ಕತ್ತೆಗಾಗಿ! ನನಗೆ ಸಿಟ್ಟು ಬಂತೋ ದುಃಖ ಬಂತೋ, ಎರಡೂ ಒಂದೇ ಕೊಡದ ನೀರಾಗಿದ್ದವು. ಎದ್ದು ಮಣೆ ಹತ್ತಿದೆ. ದಾವಲಸಾಬ ಹಾರ್ನಿನ ನಾಲಿಗೆ ಸುಟ್ಟು ಅಂಟಿದ್ದನ್ನು ಬಿಡಿಸಿ, ಬೆಂಕಿಪೊಟ್ಟಣದ ಪಕ್ಕೆಯಿಂದ ಉಜ್ಜುತ್ತಿದ್ದ. ಉಜ್ಜಿದ, ಹಚ್ಚಿದ, ಅಂಟಿತು. ಮತ್ತೆ ಉಜ್ಜಿದ. ನಾನು ಅವನ ಕೈಯನ್ನೇ ನೋಡುತ್ತ ನಿಂತಿದ್ದೆ. ಆಚೆ ಹೊಳೆ ಸದ್ದಿಲ್ಲದೆ ಬರುತ್ತಿದೆ ಎಂಬುದು ಸದ್ದು ಮಾಡುತ್ತ ಬರುವುದಕ್ಕಿಂತ ಭಯಂಕರವಾಗಿತ್ತು. ಗೌಡರು ನೀಲವ್ವನನ್ನು ಹೊರಗೆ ಕೂರಿಸಿ, ಬಾಗಿಲಿಗೆ ಅಡ್ಡ ಕೈ ಚಾಚಿ ತಾವೇ ಸರಪಳಿಯಾಗಿ ನಿಂತರು.

ಕೊನೆಗೂ ಹಾರ್ನಿನ ನಾಲಿಗೆ ನಡುಗಿತು. ಮುಂಗೈಯ ಕೂದಲು ಎದ್ದವು. ತಂತಿ ಬುಸುಗುಟ್ಟಿತು, ನೀರಿನ ಸದ್ದು ಹತ್ತಿರದಲ್ಲೇ ಭೋರೆಂದಿತು.

“ಸಾತವ್ವಾ, ಬರೇ ಬಾ ಅಂದ್ರ ಆಗೂದಿಲ್ಲ,” ದಾವಲಸಾಬ ತಲೆ ಎತ್ತದೆ ಕೂಗಿದ. “ದಿಕ್ಕ ಗೊತ್ತಿಲ್ಲ ಅವಗ. ನಿನ್ನ ದನಿ ಹಿಡಕೊಂಡ ಬರಬೇಕು. ನಿಲ್ಲಸಬ್ಯಾಡ. ಏನರೆ ಮಾತಾಡಕೋತ ಇರು.”

ಏನು ಮಾತಾಡಲಿ? ನೀರು ಬಂತು ಎಂದು ಎಷ್ಟು ಸಲ ಹೇಳಲಿ? ಕೂಗುವವಳ ಮಾತುಗಳು ನಾಲ್ಕೇ, ಅವು ಮುಗಿದಿದ್ದವು. ಉಳಿದದ್ದು ಹೆಂಡತಿಯ ಮಾತು. ರಕ್ತ ಉಗುಳಿ ಶುರು ಮಾಡಿದೆ.

“ಏನ್ರೀ! ಎಲ್ಲಿ ಸತ್ತೀರಿ? ಹೋಗಬ್ಯಾಡ್ರಿ ಅಂದ್ರ ಕೇಳಿದಿರೇನು? ಯಾವತ್ತರ ಕೇಳೀರೇನು? ಮನಿ ಮಾಳಗಿ ಸೋರ್ತದ, ಮಣ್ಣ ಹಾಕ್ರೀ ಅಂದೆ, ಹಾಕಿದಿರೇನು? ನಿಮ್ಮ ದೊಡ್ಡ ತಂಗೀ ಲಗ್ನದಾಗ ನನ್ನ ಕೂಡ ಒಂದ ಮಾತ ಆಡಲಿಲ್ಲ ನೀವು, ಬೀಗರ ಕೂಡ ಎಲಿ ಅಡಕಿ ಹಾಕ್ಕೋತ ಕುಂತಿದ್ರಿ, ಮರತೀನಿ ಅಂತ ತಿಳದೀರೇನು? ಕತ್ತೀಗಿದ್ದ ಬೆಲೆ ನನಗಿಲ್ಲೇನು? ಇತ್ತಾಗ ಬರ್ರೀ! ನಿದ್ದ್ಯಾಗ ಹೊದಿಕಿ ಎಲ್ಲಾ ನೀವ ಎಳಕೋತೀರಿ, ನಾ ಒಂದಿನಾ ಅಂದೀನೇನು? ಕೂಸು ಹೋದಾಗ ನೀವು ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ರಿ. ನಾನೂ ಗ್ವಾಡಿ ಕಡೆ. ಇಬ್ಬರೂ ಅಳ್ತಿದ್ದಿವಿ, ಒಬ್ಬರದೊಬ್ಬರಿಗೆ ಕೇಳಲಿಲ್ಲ. ನಾ ಯಾಕ ಕೈ ಚಾಚಲಿಲ್ಲ? ನೀವ ಯಾಕ ಚಾಚಲಿಲ್ಲ? ಬರ್ರೀ, ನಿಮ್ಮ ಕೂಡ ಅದನ್ನ ಮಾತಾಡೂದದ. ನಿಮ್ಮನ್ನ ಬಿಟ್ಟು ನನಗ ಯಾರದಾರ್ರೀ?”

ದಂಡೆಯ ಮೇಲಿದ್ದ ಅರ್ಧ ಊರಿಗೂ ಕೇಳುತ್ತಿತ್ತು. ಕೇಳಲಿ. ನಾಚಿಕೆಗೆ ಆಮೇಲೆ ಹೊತ್ತು ಮಾಡಿಕೊಂಡರಾಯಿತು. ಅಷ್ಟರಲ್ಲಿ ನೀರು ಕೊನೆಯ ಕಂಬಕ್ಕೆ ಬಡಿದ ಸದ್ದು ತಂತಿಯಲ್ಲಿ ಬಂತು. ಕಡಗ ನನ್ನ ಕೈಯಲ್ಲೇ ನಡುಗಿತು. ಇನ್ನು ಯಾರಿಗೆ ಎಂದು ಮಾತಾಡಲಿ ಅನಿಸಿ ಸುಮ್ಮನಾದೆ.

ಆಗ ಧೂಳಿನೊಳಗಿಂದ ಒಂದು ಗಂಡುದನಿ ಬಂತು. ಒಡಕು, ಒರಟು, ಒಂದು ದಿನವೂ ಬಳಸದ ಗಂಟಲಿನದು.

“ಯಾಕ ಸುಮ್ಮನಾದಿ? ಬೈ!”

ಯಾರೋ ಇನ್ನೊಬ್ಬರು ಉಳಿದಿದ್ದಾರೆ ಎಂದುಕೊಂಡೆ. ಆ ದನಿಯನ್ನು ನಾನು ಎಂದೂ ಕೇಳಿರಲಿಲ್ಲ.

“ಯಾರಪಾ ನೀ?” ಎಂದೆ. “ಅಲ್ಲಿ ಕೆಂಪ ರುಮಾಲಿನವರು ಯಾರರೆ ಕಾಣ್ತಾರೇನು?”

“ನಾನ ಅದೀನಲ್ಲೇ! ಕತ್ತಿ ಹಗ್ಗಾ ಹಿಡಕೊಂಡೀನಿ, ಅದಕ್ಕೂ ದಿಕ್ಕ ತಿಳೀವಲ್ದು. ನಿನ್ನ ದನಿ ಹಿಡಿದು ಬರಾಕತ್ತೀನಿ, ನೀ ಬಾಯಿ ಮುಚ್ಚಿದ್ರ ನಾ ಎತ್ತಾಗ ಬರಲಿ? ಬೈ, ಸಾತೀ, ಬೈ!”

ದಾವಲಸಾಬ ನನ್ನ ಮುಖ ನೋಡಿದ. ನನ್ನ ಗಂಡನ ದನಿ ನನಗೆ ಗೊತ್ತಾಗಿರಲಿಲ್ಲ. ಇಷ್ಟು ವರ್ಷ ಅದನ್ನು ಕಿವಿಯ ಹತ್ತಿರದ ಬಿಸಿ ಉಸಿರಾಗಿ ಮಾತ್ರ ಕೇಳಿದ್ದೆ; ದೂರದಿಂದ ಬಂದಾಗ ಅದು ಇಷ್ಟು ಅಗಲವಿದೆ, ಇಷ್ಟು ಒಡೆದಿದೆ ಎಂದು ಯಾರು ಬಲ್ಲರು? ನಾನು ಬೈದೆ. ಅವರ ಅಪ್ಪನನ್ನು ಬೈದೆ, ಕತ್ತೆಯನ್ನು ಬೈದೆ, ಕಲ್ಲಂಗಡಿಯನ್ನು, ಹೊಳೆಯನ್ನು, ನನ್ನನ್ನು ಈ ಊರಿಗೆ ಕೊಟ್ಟ ನನ್ನ ತವರನ್ನು ಬೈದೆ. ನಡುನಡುವೆ ಅವರು “ಹ್ಞಾಂ” ಎನ್ನುತ್ತಿದ್ದರು, ಒಂದೊಂದು ಸಲಕ್ಕೂ ಹತ್ತಿರದಿಂದ. ನೀರೂ ಹತ್ತಿರವಾಗುತ್ತಿತ್ತು. ಒಮ್ಮೆ “ಮೊಣಕಾಲತನ ಬಂತು” ಎಂದರು. ಆಗ ನಾನು ಏನು ಬೈದೆನೋ ನನಗೇ ನೆನಪಿಲ್ಲ.

ದಂಡೆಯ ಮೇಲಿದ್ದವರು ಒಮ್ಮೆಲೇ ಕೆಳಗೆ ಓಡಿದರು. ಅವರ ನಡುವೆ ಮೊದಲು ಕತ್ತೆಯ ಕಿವಿ ಕಂಡಿತು, ಆಮೇಲೆ ಕೆಂಪು ರುಮಾಲು. ಅವರ ಹಿಂದೆಯೇ ಹೊಳೆ ಪಾತಿಗಳನ್ನು ಮುಚ್ಚಿಕೊಂಡು ಹೋಯಿತು.

ಸೊಂಟದವರೆಗೆ ಒದ್ದೆಯಾಗಿ ಏಣಿಮನೆಗೆ ಬಂದರು. ಕೈ ಚಾಚಿಕೊಂಡೇ ಬಂದಿದ್ದರು. ಗೌಡರು ಎದೆ ಒತ್ತಿ ಹಿಡಿದು ಬಾಗಿಲಲ್ಲಿ ನಿಲ್ಲಿಸಿದರು. ನನ್ನ ಗಂಡ ಅಲ್ಲಿಂದಲೇ ಹೇಳಿದರು: “ಇನ್ನ ಸಾಕು. ಇಳಿ ಕೆಳಗ.”

ದಾವಲಸಾಬ ಕಟ್ಟಿಗೆಯ ಚೂರನ್ನು ತಿರುಪಿನಿಂದ ತೆಗೆಯಲು ಹೋದ.

“ತಡಿ, ದಾವಲಣ್ಣಾ,” ಎಂದೆ. ಆಮೇಲೆ ನನ್ನ ಗಂಡನಿಗೆ ಹೇಳಿದೆ: “ಇನ್ನೊಂದೀಟು ಮಾತಾಡ್ರಿ. ಅಲ್ಲಿಂದನ.”

“ಏನ ಮಾತಾಡಲಿ?”

“ಏನರೆ.”

ಅವರು ಗೌಡರ ಮುಖ ನೋಡಿದರು, ಹಿಂದೆ ನಿಂತ ಊರನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು. ಕಾಯಿ ಚಲೋ ಬಂದಿದ್ದವು ಎಂದರು. ಎರಡನೇ ಸಾಲಿನವು ಭಾಳ ಸಿಹಿ ಇದ್ದವು, ಒಂದು ಒಡೆದು ತಿಂದೆ, ನಿನಗೂ ಒಂದು ತೆಗೆದಿಟ್ಟಿದ್ದೆ, ಹೋಯಿತು ಎಂದರು. ಆಮೇಲೆ ನೆಲ ನೋಡುತ್ತ, ಕೂಸು ಹೋದ ರಾತ್ರಿ ನಾನೂ ಎಚ್ಚರ ಇದ್ದೆ, ಸಾತೀ, ಎಂದರು. ದಾವಲಸಾಬ ತಲೆ ಬಗ್ಗಿಸಿ ತಿರುಪನ್ನು ಮತ್ತೆ ಅದುಮಿ ಹಿಡಿದ. ಬ್ಯಾಟರಿ ಸಾಯುವವರೆಗೆ ಅವರು ಮಾತಾಡಿದರು, ನಾನು ಕೇಳಿದೆ.